ಕಫ ಕೇಳುತ್ತಿದ್ದ ರಾಜಮ್ಮಣ್ಣಿ

ರಾಜಮ್ಮಣ್ಣಿಯವರು ಕೆಮ್ಮಿದರೆ ಆಸ್ಪತ್ರೆಯ ಗೇಟಿನಾಚೆ ಎಳನೀರು ಮಾರುವವನು ಎತ್ತಿದ ಮಚ್ಚನ್ನು ಹಾಗೇ ನಿಲ್ಲಿಸಿ ತಿರುಗಿ ನೋಡುತ್ತಿದ್ದ. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೆಮ್ಮಿ ತೋರಿಸುವುದು ಅವರ ಕೆಲಸದ ಒಂದು ಭಾಗವಾಗಿತ್ತು.

ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಅವರು ಕಫ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದರು. ಬೆಳಗ್ಗೆ ಹಿತ್ತಲಿನ ಹೊಂಗೆ ಮರದ ಕೆಳಗೆ ಐದಾರು ಜನ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಿಂತಿರುತ್ತಿದ್ದರು. ಐದಡಿಗೂ ಕಡಿಮೆ ಎತ್ತರದ ಈ ಹೆಂಗಸು ಮಾಸ್ಕ್ ಹಾಕಿಕೊಂಡು ಬಂದು ಮೊದಲು ಮರದ ಎಲೆ ನೋಡುತ್ತಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ತಾವು ಹೋಗಿ ನಿಲ್ಲುತ್ತಿದ್ದರು. ಆಮೇಲೆ ಪಾಠ ಶುರು.

"ಬಾಯ್ ಮುಕ್ಕಳಿಸಿದ್ರಾ? ಈಗ ಉಸ್ರು ಎಳ್ಕಳಿ. ಇಡ್ಕಳಿ. ಬುಡಿ. ಇನ್ನೊಂದ್ ಸಲ. ಈಗ ಕೆಮ್ಮಿ. ಅಯ್ಯೋ, ಅದೇನ್ ಕೆಮ್ಮಾ, ಬೆಕ್ಕು ಸೀನ್ದಂಗೆ? ಒಟ್ಟೆಯಿಂದ ಬರ್ಲಿ. ಇಂಗೆ..." ಎಂದು ತಾವೇ ಕೆಮ್ಮಿ ತೋರಿಸುತ್ತಿದ್ದರು.

ಡಬ್ಬಿ ಕೈಗೆ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು, ಸ್ವಲ್ಪ ಓರೆ ಮಾಡಿ ನೋಡುತ್ತಿದ್ದರು. ಸರಸರನೆ ಹರಿದರೆ ವಾಪಸ್ಸು. "ಇದು ಉಗುಳು. ನಾನ್ ಕೇಳಿದ್ದು ಕಫ." ಊರಿನ ಯಜಮಾನನಾಗಲಿ, ಅಂಗಡಿ ಸಾಹುಕಾರನಾಗಲಿ, ಈ ಎರಡು ವಾಕ್ಯಗಳಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಕೆಲವರು ಗೊಣಗುತ್ತಿದ್ದರು. "ಕೊಡೋದು ಕಫ, ಅದ್ರಾಗೂ ಆರಿಸ್ತಾಳಲ್ಲ ಈ ಮಾರಾಯ್ತಿ" ಎಂದು ಒಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ರಾಜಮ್ಮಣ್ಣಿಯವರೂ ಕೇಳಿಸಿಕೊಂಡಿದ್ದರು. "ರೇಷ್ಮೆಗೂಡು ಮಾರುಕಟ್ಟೆನಾಗೆ ಆರಿಸಾಕಿಲ್ವಾ ಸಾ? ಅಂಗೆಯಾ" ಎಂದರು.

ಡಬ್ಬಿ ತರಲೆಂದು ನಾನು ಮೊದಲ ಸಲ ಅಲ್ಲಿಗೆ ಹೋದ ದಿನ ಹನೂರಿನ ಕಡೆಯ ವ್ಯಾಪಾರಿಯೊಬ್ಬ ಹೆಮ್ಮೆಯಿಂದ ಡಬ್ಬಿ ಮುಂದೆ ಚಾಚಿ, "ನಲ್ಲಿ ನೀರಲ್ಲಿ ಚೆನ್ನಾಗ್ ತೊಳ್ದು, ಆಮ್ಯಾಲೆ ಆಕಿವ್ನಿ ಅಕ್ಕೋರೆ" ಎಂದ. ಹೊರಗಿನಿಂದ ಬಂದ ಪಾತ್ರೆಯನ್ನು ತೊಳೆಯದೆ ಬಳಸುವ ಮನೆ ನಮ್ಮ ಕಡೆ ಯಾವುದಿದೆ? ಶಾಭಾಸ್ ಎನ್ನುತ್ತಾರೆಂದು ಅವನು ಕಾದಿದ್ದ. ರಾಜಮ್ಮಣ್ಣಿಯವರು ಡಬ್ಬಿಯನ್ನು ಮುಟ್ಟಲೂ ಇಲ್ಲ.

"ನೀರ್ನಾಗೂ ಉಳ ಅವೆ ಕಣಪ್ಪ. ಟಿಬಿ ಉಳದ ದಾಯಾದಿಗಳು. ಸೂಕ್ಷ್ಮದರ್ಶಕದಲ್ಲಿ ನೋಡುದ್ರೆ ಅಣ್ತಮ್ಮದೀರಂಗೆ ಒಂದೇ ತರ ಕಾಣ್ತವೆ. ನಿನ್ ಎದೇಲಿರೋದ್ಯಾವ್ದು, ನಿನ್ ನಲ್ಲೀಲಿರೋದ್ಯಾವ್ದು ಅಂತ ನಾ ಎಲ್ಲಿ ಉಡುಕ್ಲಿ? ತಕೋ, ಬೇರೆ ಡಬ್ಬಿ. ಇದ್ನ ತೊಳುದ್ರೆ ನೋಡು."

ಅವರ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಇನ್ನೊಂದು ಯಂತ್ರವಿತ್ತು. ಅದನ್ನು ಅವರು 'ನಮ್ ಪೆಟ್ಟಿಗೆ' ಎನ್ನುತ್ತಿದ್ದರು. ಕಫವನ್ನು ಔಷಧದ ನೀರಿನಲ್ಲಿ ಕರಗಿಸಿ, ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆಗೆ ಹಾಕಿ ಯಂತ್ರದ ಒಳಗಿಟ್ಟರೆ ಸುಮಾರು ಎರಡು ಗಂಟೆಯಲ್ಲಿ ಉತ್ತರ. ಅದು ಏನು ಮಾಡುತ್ತದೆ ಎಂದು ನಾನು ಕೇಳಿದಾಗ ಅವರು ಹೇಳಿದ್ದು ನನಗೆ ಇಂದಿಗೂ ಯಾವ ಪುಸ್ತಕಕ್ಕಿಂತ ಚೆನ್ನಾಗಿ ನೆನಪಿದೆ. "ರಾಗಿ ರಾಶೀಲಿ ಒಂದೇ ಒಂದು ಕಳೆ ಬೀಜ ಅದೆ ಅನ್ನಿ ಮೇಷ್ಟ್ರೆ. ಕಣ್ಣಿಗೆ ಕಾಣಾಕಿಲ್ಲ. ಈ ಪೆಟ್ಟಿಗೆ ಆ ಬೀಜದ ಗುರ್ತು ಇಡ್ಕಂಡು, ಒಂದ್ನ ಎರಡು, ಎರಡ್ನ ನಾಕು ಮಾಡ್ಕಂಡು, ಲಕ್ಷ ಕೋಟಿ ಮಾಡಿ ಇಕೋ ಅಂತ ತೋರ್ಸ್ತದೆ. ಆದ್ರೆ ಆ ಒಂದು ಬೀಜ ರಾಶೀಲಿ ಇರ್ಬೇಕು. ಅದ್ನ ತರೋದು ನಿಮ್ ಕೆಲ್ಸ."

ನಾನು ತರಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕ. ನಮ್ಮ ಮನೆ ಮುಳ್ಳೂರಿನಲ್ಲಿ. ಅಪ್ಪ, ಅಣ್ಣ, ಅತ್ತಿಗೆ, ನಾನು. ಅವ್ವ ಇಲ್ಲ. ನಮ್ಮ ಅತ್ತಿಗೆ ಮಂಗಳ ಹನೂರಿನವರು. ಮದುವೆಯಾದ ಆರನೇ ವರ್ಷಕ್ಕೆ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅವರ ತಾಯಿ ತಮ್ಮದೊಂದನ್ನು ಕೊಟ್ಟರು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಆದರೆ ಹೊಸ ಕಿಡ್ನಿಯನ್ನು ದೇಹ ಹೊರಗಿನದೆಂದು ತಿಳಿದು ಹಾಳುಮಾಡದಂತೆ, ದೇಹದ ಕಾವಲನ್ನೇ ಸಡಿಲಗೊಳಿಸುವ ಮಾತ್ರೆಗಳನ್ನು ಅವರು ಜೀವನಪೂರ್ತಿ ನುಂಗಬೇಕು. ಕಾವಲು ಸಡಿಲವಾದ ಮನೆಗೆ ಯಾರು ಬೇಕಾದರೂ ನುಗ್ಗಬಹುದು.

ಮೂರನೇ ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೊತ್ತಿಗೆ ಅತ್ತಿಗೆಗೆ ಸಂಜೆ ಸಂಜೆ ಜ್ವರ ಶುರುವಾಯಿತು. ಬಳೆ ಮುಂಗೈಯಿಂದ ಜಾರುವಷ್ಟು ಇಳಿದರು. ಕೆಮ್ಮು ಇತ್ತು, ಆದರೆ ಇದೆಯೆಂದು ಗೊತ್ತಾಗದಷ್ಟು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೊಳ್ಳೇಗಾಲದ ವೈದ್ಯರು, "ಈ ಮಾತ್ರೆ ತಗೊಳ್ಳೋರಿಗೆ ಎಕ್ಸ್‌ರೇ ಶುಭ್ರವಾಗಿದ್ದರೂ ನಂಬೋ ಹಾಗಿಲ್ಲ. ಕಫವನ್ನು ಯಂತ್ರಕ್ಕೆ ಹಾಕಿಸಿ" ಎಂದು ಚೀಟಿ ಬರೆದುಕೊಟ್ಟರು. ಅತ್ತಿಗೆಯನ್ನು ಬಸ್ಸಿನಲ್ಲಿ ಅಲೆದಾಡಿಸುವುದು ಯಾಕೆ, ಹೇಗೂ ಕಾಲೇಜಿಗೆ ಹೋಗುತ್ತೇನಲ್ಲ ಎಂದು ಡಬ್ಬಿ ತಂದು ಮನೆಯಲ್ಲಿ ಕೊಟ್ಟೆ. ಮಾರನೆಯ ಬೆಳಗ್ಗೆ ಅತ್ತಿಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಹೊರಗೆ ಬಂದು ಮುಚ್ಚಳ ಬಿಗಿದ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಆ ನಲ್ಲಿಯ ಸದ್ದು ಯಾಕೆಂದು ಆಗ ನಾನು ಯೋಚಿಸಲಿಲ್ಲ.

ರಾಜಮ್ಮಣ್ಣಿಯವರು ಡಬ್ಬಿ ಎತ್ತಿ ನೋಡಿದ ಕೂಡಲೇ, "ಉಗುಳು" ಎಂದರು.

"ಅಕ್ಕೋರೆ, ಅವರಿಗೆ ಕಫ ಬರೋದೇ ಇಲ್ಲ. ತುಂಬ ನಿತ್ರಾಣ. ಇದನ್ನೇ ಹಾಕಿಬಿಡಿ, ದಯವಿಟ್ಟು. ಹತ್ತು ಗಂಟೆಗೆ ನನಗೆ ಕ್ಲಾಸಿದೆ" ಎಂದೆ.

"ಮೇಷ್ಟ್ರೆ, ನೀವು ಓದ್ದೋರು. ಇಲ್ದಿರೋದ್ನ ಪೆಟ್ಟಿಗೆ ಎಂಗ್ ಉಡುಕ್ತದೆ?"

"ಕಿಡ್ನಿ ಕಸಿ ಆದವರು ಅಕ್ಕೋರೆ. ಅವರ ತಾಯಿ ಅಲ್ಲಿ ಹನೂರಲ್ಲಿ ಊಟ ಬಿಟ್ಟು ಕೂತಿದ್ದಾರೆ" ಎಂದೆ. ನನ್ನ ಮುಖದಲ್ಲಿ ಏನು ಕಂಡರೋ. ಡಬ್ಬಿಯನ್ನು ವಾಪಸ್ಸು ಚಾಚಿದ್ದ ಕೈ ಹಿಂದಕ್ಕೆ ಹೋಯಿತು. ತೆಗೆದುಕೊಂಡರು.

ಮಧ್ಯಾಹ್ನ ವರದಿ ಬಂತು. ಕ್ಷಯದ ರೋಗಾಣು ಪತ್ತೆಯಾಗಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಆ ಒಂದು ಸಾಲನ್ನು ಮಾತ್ರ ಫೋನಿನಲ್ಲಿ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅಣ್ಣ ಅದನ್ನೇ ಮೈಸೂರಿನ ವೈದ್ಯರಿಗೆ ಕಳಿಸಿದ. ಮನೆಯಲ್ಲಿ ಅಂದು ಅಪ್ಪ ಹಸುವಿನ ಹಾಲು ಡೇರಿಗೆ ಹಾಕದೆ ಪಾಯಸ ಮಾಡಿಸಿದರು. ಅತ್ತಿಗೆ ಎರಡು ಚಮಚ ತಿಂದು, ಸಾಕು ಎಂದು ಬಟ್ಟಲು ಸರಿಸಿದರು.

ಜ್ವರ ಹೋಗಲಿಲ್ಲ. ಎರಡು ವಾರದ ಮೇಲೆ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಲುತ್ತಿದೆ ಎಂದು ಹೇಳುವ ಅಂಕಿಯೂ ಏರತೊಡಗಿತು. ಮೈಸೂರಿನ ವೈದ್ಯರು ಫೋನಿನಲ್ಲಿ, "ಟಿಬಿ ಇಲ್ಲ ಎಂದು ವರದಿ ಇದೆಯಲ್ಲ. ಹಾಗಾದರೆ ದೇಹ ಕಿಡ್ನಿಯನ್ನು ಒಪ್ಪದೆ ಹೀಗಾಗುತ್ತಿರಬಹುದು. ಸೋಮವಾರ ದಾಖಲು ಮಾಡಿ. ಬಲವಾದ ಸ್ಟಿರಾಯ್ಡ್ ಕೊಡಬೇಕಾಗಬಹುದು. ವರದಿಯ ಮೂಲಪ್ರತಿ ತನ್ನಿ" ಎಂದರು. ಅದು ಶುಕ್ರವಾರ. ಮೂಲಪ್ರತಿ ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಶನಿವಾರ ಇನ್ನೊಂದು ಪ್ರತಿ ಕೇಳಲು ರಾಜಮ್ಮಣ್ಣಿಯವರ ಬಳಿ ಹೋದೆ.

ಆ ಕಾಗದ ಮನೆಯಲ್ಲಿ ಸಿಕ್ಕಿಬಿಟ್ಟಿದ್ದರೆ? ಈಗಲೂ ಬಸ್ಸಿನಲ್ಲಿ ಕೂತಾಗ, ತರಗತಿಯಲ್ಲಿ ಹಾಜರಿ ಕರೆಯುವಾಗ ಇದೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಸಿಕ್ಕಿದ್ದರೆ ನಾನು ಅವರ ಬಳಿ ಹೋಗುತ್ತಿರಲಿಲ್ಲ.

ರಾಜಮ್ಮಣ್ಣಿಯವರು ಕಡತ ತೆಗೆದರು. "ಯಾಕ್ ಬೇಕು?" ಎಂದರು. ಹೇಳಿದೆ. ಸ್ಟಿರಾಯ್ಡ್ ಎಂಬ ಮಾತು ಬಂದಾಗ ಅವರ ಬೆರಳು ಕಾಗದದ ಮೇಲೆ ನಿಂತುಹೋಯಿತು. ವರದಿಯನ್ನು ನನ್ನ ಕಡೆಗೆ ತಿರುಗಿಸಿ ಮೇಲಿನ ಒಂದು ಸಣ್ಣ ಚೌಕವನ್ನು ತೋರಿಸಿದರು. ಮಾದರಿಯ ಗುಣ ಎಂಬ ಕಡೆ ಅವರ ಕೈಬರಹದಲ್ಲಿ 'ಉಗುಳು, ಕಫವಲ್ಲ' ಎಂದಿತ್ತು.

"ಇದ್ನ ಮೈಸೂರ್ ಡಾಕ್ಟ್ರು ನೋಡಿದಾರಾ?"

ನಾನು ಕಳಿಸಿದ ಫೋಟೋದಲ್ಲಿ ಆ ಚೌಕ ಇರಲಿಲ್ಲ. ಸ್ನಾತಕೋತ್ತರ ಪದವಿ ಮಾಡಿದವನು ನಾನು, ಒಂದು ಪುಟವನ್ನು ಪೂರ್ತಿ ಓದಿರಲಿಲ್ಲ.

"ಪೆಟ್ಟಿಗೆ ಸುಳ್ ಯೋಳಿಲ್ಲ ಮೇಷ್ಟ್ರೆ. ನಾವ್ ಅದುಕ್ಕೆ ಕೊಟ್ಟಿದ್ದೇ ಸುಳ್ಳು" ಎಂದರು. ಕಡತ ಮುಚ್ಚಿ, "ತಪ್ ಮಾಡಿದ್ದು ನೀವೊಬ್ರೇ ಅಲ್ಲ. ಬರುದ್ರೆ ಸಾಲ್ದು, ನಾ ಅದ್ನ ತಕಬಾರ್ದಾಗಿತ್ತು. ನೀವು ಮೊಕ ಸಣ್ಣ ಮಾಡ್ಕಂಡ್ರಿ, ನಾ ಸೋತೆ. ಒಳಗೆ ಟಿಬಿ ಇದ್ದು ಮ್ಯಾಲಿಂದ ಸ್ಟಿರಾಯ್ಡ್ ಆಕ್ಬುಟ್ರೆ, ಇರೋ ಕಾವ್ಲೂ ಎದ್ದೋಯ್ತದೆ. ಆಮ್ಯಾಲೆ ಯಾರ್ ಇಡುದ್ರೂ ನಿಲ್ಲಾಕಿಲ್ಲ" ಎಂದರು. ತಾವೇ ಹೋಗಿ ಆಸ್ಪತ್ರೆಯ ವೈದ್ಯರೊಂದಿಗೆ ಮಾತಾಡಿ ಬಂದರು. ಆಮೇಲೆ ಚೀಲಕ್ಕೆ ಎರಡು ಡಬ್ಬಿ ಹಾಕಿಕೊಂಡು ಕೇಳಿದರು. "ನಾಳೆ ಬೆಳಿಗ್ಗೆ ಮುಳ್ಳೂರಿಗೆ ಎಂಗ್ ಬರೋದು?"

ಅವರು ಇದ್ದದ್ದು ಯಳಂದೂರಿನಲ್ಲಿ. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಬಂದಿಳಿದರು. ಮುಖ್ಯರಸ್ತೆಯಿಂದ ನಾನು ಬೈಕಿನಲ್ಲಿ ಕರೆತಂದೆ. ಬೈಕಿನಲ್ಲಿ ಕೂತೇ, "ಮನೇಲಿ ಕಫ ಎಲ್ಲಿ ತಗುದ್ರು?" ಎಂದು ಕೇಳಿದರು. ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು ಎಂದೆ. "ಓ" ಎಂದರು. ನನಗೆ ಹೊಳೆಯದೇ ಇದ್ದದ್ದು ಅವರಿಗೆ ಆ ಒಂದು ಮಾತಿನಲ್ಲೇ ತಿಳಿದಿತ್ತು.

ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನಿಗೆ ಕೇಳುವಂತೆ ಕ್ಯಾಕರಿಸುವುದಿಲ್ಲ. ಹೀಗೆಂದು ಯಾರೂ ಯಾವತ್ತೂ ಅಪ್ಪಣೆ ಮಾಡಿಲ್ಲ. ಅವ್ವನೂ ಹಾಗೇ ಇದ್ದಳು, ಅತ್ತಿಗೆಯೂ ಹಾಗೇ ಇದ್ದರು. ಸೀನು ಬಂದರೆ ಸೆರಗಿಗೆ, ಕೆಮ್ಮು ಬಂದರೆ ದಿಂಬಿಗೆ. ಅಪ್ಪ ಬೆಳಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಬಚ್ಚಲಿಗೂ ಜಗಲಿಗೂ ನಡುವೆ ಒಂದೇ ಗೋಡೆ. ಎದೆಯಾಳದಿಂದ ಕಫ ಎಳೆಯುವ ಸದ್ದಿಗೆ ನಾಚಿ, ಸಣ್ಣ ಸದ್ದೂ ಆಚೆ ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು, ಅತ್ತಿಗೆ ಬರೀ ಉಗುಳು ತುಂಬಿಸಿ ಕೊಟ್ಟಿದ್ದರು. ಜೀವಕ್ಕಿಂತ ಅದು ದೊಡ್ಡದಾಗಿ ಕಂಡಿತ್ತು ಎಂದಲ್ಲ. ಅದು ಜೀವದ ಪ್ರಶ್ನೆ ಎಂದು ನಾನು ಅವರಿಗೆ ತಿಳಿಸಿಯೇ ಇರಲಿಲ್ಲ.

ರಾಜಮ್ಮಣ್ಣಿಯವರು ಒಳಗೆ ಹೋಗಲಿಲ್ಲ. ನೇರ ಜಗಲಿಯ ಮುಂದೆ ನಿಂತು ಕೈಮುಗಿದರು.

"ಯಜಮಾನ್ರೆ, ನಿಮ್ ಸೊಸೆ ಇವತ್ತು ಕ್ಯಾಕರುಸ್ಬೇಕು. ಜೋರಾಗಿ. ಬೀದಿಗೆಲ್ಲ ಕೇಳ್ಸುತ್ತೆ. ನೀವೇನಾರ ಅಂದ್ಕತೀರಾ?"

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಉಗುಳು, ನಲ್ಲಿ, ಫೋಟೋ, ಸೋಮವಾರ. ಅಪ್ಪ ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ತಲೆ ತಗ್ಗಿಸಿದರು.

"ನಾ ದಿನಾ ಬೆಳಿಗ್ಗೆ ಇಲ್ಲೇ ಕೂತು ಕ್ಯಾಕರ್ಸ್ತೀನಲ್ಲವ್ವ. ನನ್ನ ಯಾರಾರ ಕೇಳಿದಾರಾ?" ಎಂದರು ಅಪ್ಪ. "ಮಂಗಳ, ಓಗವ್ವ. ಬೇಕಾದ್ರೆ ಈ ಜಗಲಿ ಮ್ಯಾಲೇ ನಿಂತ್ಕ."

"ಜಗಲಿ ಬ್ಯಾಡಿ ಯಜಮಾನ್ರೆ, ಗಾಳಿ ನಿಮ್ ಕಡೆಗೇ ಬರ್ತದೆ" ಎಂದರು ರಾಜಮ್ಮಣ್ಣಿ.

ಮನೆಯ ಹಿಂದೆ ಹಿಪ್ಪುನೇರಳೆ ತೋಟದ ಬದುವಿಗೆ ಅತ್ತಿಗೆಯನ್ನು ಕರೆದೊಯ್ದರು. ನಾನೂ ಅಣ್ಣನೂ ದೂರದಲ್ಲಿ ನಿಂತೆವು. ಕಾಯಿಸಿ ಆರಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು. ಉಸಿರು ಎಳೆದು, ಹಿಡಿದು, ಬಿಟ್ಟದ್ದಾಯಿತು. ಅತ್ತಿಗೆ ಕೆಮ್ಮಿದರು. ಸೆರಗು ತಾನಾಗಿ ಬಾಯಿಗೆ ಹೋಗಿತ್ತು.

"ಸೆರಗು ಬುಡವ್ವ. ನಾ ಮಾಡ್ತೀನಿ, ನನ್ ಇಂದೇನೇ ಮಾಡು" ಎಂದು ರಾಜಮ್ಮಣ್ಣಿಯವರು ದೂರ ಸರಿದು ನಿಂತು, ಆಕಾಶಕ್ಕೆ ಮುಖವೆತ್ತಿ ಒಂದು ಕ್ಯಾಕರಿಕೆ ತೆಗೆದರು. ಪಕ್ಕದ ಹೊಲದಲ್ಲಿದ್ದ ಬೆಳ್ಳಕ್ಕಿಗಳು ಎದ್ದುಹೋದವು. ಅತ್ತಿಗೆಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಆ ನಗುವೇ ಕೆಮ್ಮಾಗಿ ತಿರುಗಿತು. ಒಳಗಿನಿಂದ, ಎಷ್ಟೋ ದಿನದಿಂದ ಒತ್ತಿಟ್ಟಿದ್ದ ಕೆಮ್ಮು. ಅವರು ಬಗ್ಗಿ, ಬದುವಿನ ಮೇಲೆ ಕೈಯೂರಿ, ಡಬ್ಬಿಗೆ ಕಫ ತೆಗೆದರು. ಅಣ್ಣ ನನ್ನ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ.

ರಾಜಮ್ಮಣ್ಣಿಯವರು ಡಬ್ಬಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರು. ಅದು ಹರಿಯಲಿಲ್ಲ. "ಬಂತು ಕಣವ್ವ" ಎಂದರು.

ಆ ಭಾನುವಾರ ವೈದ್ಯರ ಒಪ್ಪಿಗೆ ಪಡೆದು ಅವರು ಆಸ್ಪತ್ರೆಯ ತಮ್ಮ ಕೋಣೆಯ ಬೀಗ ತೆಗೆದರು. ನಾನು ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಮಾದರಿಯನ್ನು ಯಂತ್ರಕ್ಕೆ ಹಾಕಿ, ಕೈ ತೊಳೆದುಕೊಂಡು ಬಂದು ಅವರೂ ಕೂತರು. ಬುತ್ತಿಯಲ್ಲಿ ತಂದಿದ್ದ ಉಪ್ಪಿಟ್ಟನ್ನು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳಿದರು. ನಾನು ಮುಟ್ಟಲಿಲ್ಲ. ಅವರು ತಿಂದರು. "ನೋಡ್ತಾ ಕೂತ್ರೆ ಪೆಟ್ಟಿಗೆ ಬಿರ್ನೆ ಯೋಳಾಕಿಲ್ಲ. ಉಣ್ಣಿ ಮೇಷ್ಟ್ರೆ" ಎಂದರು. ಒಮ್ಮೆಯೂ ಒಳಗೆ ಎದ್ದು ಹೋಗಿ ನೋಡಲಿಲ್ಲ. ಆದರೆ ಉಪ್ಪಿಟ್ಟಿನಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದರ ಪಕ್ಕ ಒಂದು ಬೆಂಚಿನ ಮೇಲೆ ಜೋಡಿಸುತ್ತಿದ್ದರು, ಮತ್ತೆ ಕೆಡಿಸುತ್ತಿದ್ದರು.

ಹೊತ್ತಾದ ಮೇಲೆ ಒಳಗೆ ಹೋಗಿ ಕಾಗದ ತಂದರು. ನನ್ನ ಕೈಗೆ ಕೊಡುವ ಮುನ್ನ ಹೇಳಿದರು. "ಸಿಕ್ತು. ಕಮ್ಮಿ ಅವೆ, ಆದ್ರೆ ಅವೆ. ಮುಖ್ಯವಾದ ಔಷಧಿಗೆ ಬಗ್ಗೋ ಜಾತಿ. ಈ ಸಲ ಪೂರ್ತಿ ಓದಿ."

ಪೂರ್ತಿ ಓದಿದೆ. ಎರಡು ಸಲ ಓದಿದೆ. ನಮ್ಮ ಮನೆಗೆ ಕ್ಷಯ ಬಂದಿದೆ ಎಂಬುದನ್ನು ಓದಿ ನಾನು ಆ ಮರದ ಕೆಳಗೆ ಮಗುವಿನ ಹಾಗೆ ಅತ್ತೆ. ಅದು ದುಃಖವಲ್ಲ. ಇಡೀ ಪುಟದ ಫೋಟೋ ತೆಗೆದು ಮೈಸೂರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ವೈದ್ಯರೇ ಫೋನು ಮಾಡಿ, ಸ್ಟಿರಾಯ್ಡ್ ಮಾತು ಈಗ ಬೇಡ, ಕರೆದುಕೊಂಡು ಬನ್ನಿ ಎಂದರು. ಕ್ಷಯದ ಒಂದು ಮುಖ್ಯ ಔಷಧಿ ಕಿಡ್ನಿ ಕಾಯುವ ಮಾತ್ರೆಯ ಬಲವನ್ನು ಕುಗ್ಗಿಸುತ್ತದಂತೆ. ಅದರ ಬದಲು ಬೇರೆಯದನ್ನು ಆರಿಸಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸಿ, ಎರಡನ್ನೂ ತೂಗಿಸಿಕೊಂಡು ಹೋದರು. ಎರಡನೇ ತಿಂಗಳಿಗೆ ಜ್ವರ ಬಿಟ್ಟಿತು. ಕಿಡ್ನಿಯ ಅಂಕಿ ಇಳಿಯಿತು. ಹನೂರಿನಿಂದ ಅತ್ತಿಗೆಯ ತಾಯಿ ಬಂದು, ಮಗಳ ಹೊಟ್ಟೆಯ ಬಲಗಡೆ, ತಮ್ಮ ಕಿಡ್ನಿ ಇರುವ ಜಾಗದ ಮೇಲೆ ಅಂಗೈ ಇಟ್ಟು, "ಅದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. "ಅದೆ ಕಣವ್ವ" ಎಂದರು ಅತ್ತಿಗೆ.

ಮನೆಯವರೆಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕಾಯಿತು. ಅಪ್ಪ ಬಿಳಿ ಪಂಚೆಯುಟ್ಟು ಮದುವೆಗೆ ಹೊರಟವರಂತೆ ಬಂದರು. ಹೊಂಗೆ ಮರದ ಕೆಳಗೆ ಅವರು ಮೊದಲ ಪ್ರಯತ್ನಕ್ಕೇ ಕೊಟ್ಟ ಡಬ್ಬಿಯನ್ನು ರಾಜಮ್ಮಣ್ಣಿಯವರು ಎತ್ತಿ ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ತೋರಿಸಿ, "ನೋಡ್ಕಳಿ, ಇದು ಕಫ! ಯಜಮಾನ್ರ ತಾವ ಕಲೀರಿ" ಎಂದರು. ಅಪ್ಪ ಆ ಹೊಗಳಿಕೆಯನ್ನು ಊರಲ್ಲಿ ಬಹಳ ದಿನ ಹೇಳಿಕೊಂಡು ಓಡಾಡಿದರು. ಅವರಿಗೆ ರೋಗವಿರಲಿಲ್ಲ. ಉಳಿದ ನಮಗ್ಯಾರಿಗೂ ಇರಲಿಲ್ಲ.

ರಾಜಮ್ಮಣ್ಣಿಯವರು ಈಗ ಆ ಕೋಣೆಯಲ್ಲಿಲ್ಲ. ನಿವೃತ್ತರಾಗಿ ಯಳಂದೂರಿನ ತಂಗಿಯ ಮನೆಯಲ್ಲಿದ್ದಾರೆಂದು ಕೇಳಿದ್ದೇನೆ. ಹೋಗಿ ನೋಡಬೇಕೆಂದು ಪ್ರತಿ ವಾರ ಅಂದುಕೊಳ್ಳುತ್ತೇನೆ, ಏನು ಹೇಳಬೇಕೋ ತಿಳಿಯದೆ ಉಳಿದುಬಿಡುತ್ತೇನೆ. ಕೊನೆಯ ಸಲ ಅವರನ್ನು ಕಂಡದ್ದು ಅತ್ತಿಗೆಯ ಚಿಕಿತ್ಸೆ ಮುಗಿದ ದಿನ. ಕೊನೆಯದಾಗಿ ಒಮ್ಮೆ ಕಫ ಪರೀಕ್ಷೆ ಆಗಬೇಕಿತ್ತು. ಈ ಬಾರಿ ನಾನು ಡಬ್ಬಿ ಹೊರಲಿಲ್ಲ, ಅತ್ತಿಗೆಯೇ ಬಂದರು.

ಮರದ ಕೆಳಗೆ ಹತ್ತು ಜನರ ಎದುರಿಗೆ ಅತ್ತಿಗೆ ಕಾಲು ಅಗಲಿಸಿ ನಿಂತು ಕೆಮ್ಮಿದರು. ಬೀದಿಗೆ ಕೇಳುವಂತೆ ಕ್ಯಾಕರಿಸಿದರು. ಒಣ ಸದ್ದು. ಮತ್ತೆ ಉಸಿರೆಳೆದು ಪ್ರಯತ್ನಿಸಿದರು. ಮೂರನೆಯ ಸಲಕ್ಕೆ ಕಣ್ಣಲ್ಲಿ ನೀರು ಬಂತು, ಡಬ್ಬಿಗೆ ಏನೂ ಬರಲಿಲ್ಲ.

"ಬತ್ತಾನೇ ಇಲ್ಲ ಅಕ್ಕೋರೆ" ಎಂದರು ಅತ್ತಿಗೆ, ತಪ್ಪು ಮಾಡಿದವರಂತೆ. "ಇನ್ನೊಂದ್ ಸಲ ನೋಡ್ತೀನಿ, ವಸಿ ತಡೀರಿ."

"ಉಗುಳ್ ಗಿಗುಳ್ ತುಂಬ್ಸಿ ಕೊಟ್ಟೀಯೆ ಮತ್ತೆ!"

"ಇಲ್ಲ ಅಕ್ಕೋರೆ, ನಿಮ್ಮಾಣೆ."

"ಇಲ್ದಿರೋದ್ನ ಎಲ್ಲಿಂದ ತರೀಯೆ ಮಗ, ಬುಡು" ಎಂದು ರಾಜಮ್ಮಣ್ಣಿಯವರು ಖಾಲಿ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡರು. ಅಭ್ಯಾಸಬಲದಿಂದ ಅದನ್ನೂ ಬೆಳಕಿಗೆ ಹಿಡಿದು ನೋಡಿದರು. ನಂತರ ಕಸದ ಬುಟ್ಟಿಗೆ ಹಾಕಿ, ಚೀಟಿಯ ಮೇಲೆ ಎರಡು ಪದ ಬರೆದು, ನನ್ನ ಕೈಗಲ್ಲ, ಅತ್ತಿಗೆಯ ಕೈಗೆ ಕೊಟ್ಟು, ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು.

'ಕಫ ಬರಲಿಲ್ಲ.' ಬಸ್ಸು ಮುಳ್ಳೂರಿನ ಗೇಟಿಗೆ ಬಂದು ನಿಲ್ಲುವವರೆಗೂ ಅತ್ತಿಗೆ ಆ ಚೀಟಿಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಓದುತ್ತಲೇ ಇದ್ದರು.